ಹತ್ತನೆಯವಳ ಸಾಲು

ಫೆಬ್ರವರಿ 6

ಅಕ್ಕನಿಗೆ,

ನಿಮ್ಮ ವಿಳಾಸವನ್ನು ರೆಫರಿ ಮಾಮ ಕೊಟ್ಟರು. ಕೊಡುವ ಮೊದಲು ಎರಡು ಸಲ ಕೆಮ್ಮಿ, "ಜಗಳ ಆಡೋಕಾದ್ರೆ ಕೊಡಲ್ಲ" ಎಂದರು. ಜಗಳಕ್ಕಲ್ಲ ಎಂದೆ. ನೀವು ಪರದೆ ಹೊಲಿಯುವ ಅಂಗಡಿ ಇಟ್ಟಿದ್ದೀರೆಂದು ಅವರಿಂದಲೇ ತಿಳಿಯಿತು. ನಿಮ್ಮ ಆ ಕೈಗಳಲ್ಲಿ ಸೂಜಿ ಹೇಗಿರುತ್ತದೋ ಎಂದು ಊಹಿಸಲು ನೋಡಿದೆ. ಆಗಲಿಲ್ಲ.

ನಾನು ಕುಸ್ತಿ ಕಂಪನಿಯಲ್ಲೇ ಉಳಿದಿದ್ದೇನೆ. ಆಡುವುದು ನಿಂತು ಬಹಳ ಕಾಲವಾಯಿತು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ರಿಂಗ್ ಕಟ್ಟಿದ್ದಾರೆ. ಅಲ್ಲಿ ಹೊಸ ಹುಡುಗಿಯರಿಗೆ ಬೀಳುವುದನ್ನು ಕಲಿಸುತ್ತೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಧಬಧಬ ಸದ್ದು. ಕೆಳಗಿನ ಟೈರಿನವನು ಮೊದಲು ಬೈಯುತ್ತಿದ್ದ. ಈಗ ಸದ್ದು ನಿಂತರೆ ಮೇಲೆ ಬಂದು "ಯಾರಿಗೇನಾಯ್ತು?" ಎಂದು ಕೇಳುತ್ತಾನೆ.

ವಿಷಯಕ್ಕೆ ಬರುತ್ತೇನೆ. ಹೆಂಗಸರ ವಿಶ್ವ ಚಾಂಪಿಯನ್ ಪಟ್ಟವನ್ನು ಕಂಪನಿ ಈ ವರ್ಷ ಮುಗಿಸುತ್ತಿದೆ. ಹೊಸ ಹೆಸರಿನ ಹೊಸ ಪಟ್ಟ ಬರುತ್ತದಂತೆ. ಹಳೆಯದರ ಚರಿತ್ರೆಯನ್ನು ಪುಸ್ತಕ ಮಾಡಲು ಓದಿದ ಹುಡುಗಿಯೊಬ್ಬಳನ್ನು ಇಟ್ಟುಕೊಂಡಿದ್ದಾರೆ. ನಮ್ಮ ಹುಡುಗಿಯರು ಅವಳಿಗೆ "ಚರಿತ್ರೆ" ಎಂದೇ ಹೆಸರಿಟ್ಟಿದ್ದಾರೆ. "ಚರಿತ್ರೆ ಬಂದ್ಲು, ಕುರ್ಚಿ ಹಾಕ್ರೇ" ಎನ್ನುತ್ತಾರೆ. ಹದಿನಾಲ್ಕು ಜನ ಚಾಂಪಿಯನ್ನರು, ಒಬ್ಬೊಬ್ಬರಿಗೆ ಒಂದು ಪುಟ. ಪುಟದ ತಲೆಯಲ್ಲಿ ಒಂದು ಸಾಲು: ಯಾರನ್ನು, ಎಲ್ಲಿ ಸೋಲಿಸಿ ಪಟ್ಟ ಪಡೆದಳು ಎಂದು. ಒಂಬತ್ತನೆಯವರು ನೀವು, ಹತ್ತನೆಯವಳು ನಾನು. ನನ್ನ ಸಾಲು ಹೀಗಿದೆ: "ಹಿಂದಿನ ಚಾಂಪಿಯನ್ ಗೈರುಹಾಜರಾದ ಕಾರಣ ವಿಜೇತೆ ಎಂದು ಘೋಷಿಸಲಾಯಿತು." ಸೋಲಿಸಿ ಎಂಬ ಮಾತಿಲ್ಲದ ಪುಟ ಇಡೀ ಪುಸ್ತಕದಲ್ಲಿ ಅದೊಂದೇ.

ನಮ್ಮ ಆಟದಲ್ಲಿ ಯಾರು ಗೆಲ್ಲಬೇಕೆಂಬುದು ಮ್ಯಾನೇಜರ್ ಕೋಣೆಯಲ್ಲಿ ಮೊದಲೇ ತೀರ್ಮಾನವಾಗುವ ಮಾತು. ಹಾಗಾಗಿ ಗೆಲ್ಲುವುದರಲ್ಲಿ ದೊಡ್ಡಸ್ತಿಕೆ ಇಲ್ಲ, ಸೋಲಲು ಬರುವುದರಲ್ಲಿದೆ. ಪಟ್ಟ ಬಿಟ್ಟು ಹೋಗುವವಳು ಬರುವವಳ ಕೆಳಗೆ ಮಲಗಿ ಹೋಗಬೇಕು. ಇದನ್ನು ನನಗೆ ಹೇಳಿಕೊಟ್ಟವರು ನೀವು. ನನ್ನ ಸರದಿಯ ದಿನ ಬಾರದವರೂ ನೀವೇ.

ಸೆಪ್ಟೆಂಬರಿನಲ್ಲಿ ಹಳೆಯ ಸಭಾಂಗಣದಲ್ಲಿ ಪಟ್ಟದ ಕೊನೆಯ ಪ್ರದರ್ಶನ. ಬದುಕಿರುವ ಹಳೆಯ ಚಾಂಪಿಯನ್ನರನ್ನೆಲ್ಲ ಕರೆಯುತ್ತಾರೆ. ನಾವಿಬ್ಬರೂ ಒಂದು ಪಂದ್ಯ ಆಡೋಣ. ಗಂಟೆ, ರೆಫರಿ, ಜನ ಮೂರೂ ಇದ್ದರೆ ಸಾಲು ಬದಲಿಸುತ್ತೇನೆ, ತಡವಾಗಿ ನಡೆದ ಪಂದ್ಯವೆಂದೇ ಬರೆಯುತ್ತೇನೆ ಎಂದು ಚರಿತ್ರೆ ಒಪ್ಪಿದ್ದಾಳೆ. ಮ್ಯಾನೇಜರನೂ ಹೂಂ ಎಂದಿದ್ದಾನೆ. ಎರಡೂ ಭುಜ ನೆಲಕ್ಕೆ ಮುಟ್ಟಿಸಿ ಮೂರು ಎಣಿಸುವವರೆಗೆ ಮಲಗಿದರೆ ಸಾಕು.

ಬರುತ್ತೀರಾ?

ಗುಬ್ಬಿ
(ದಪ್ಪಗಾಗಿದ್ದೇನೆ. ಹೆಸರೊಂದು ಹಾಗೇ ಉಳಿದಿದೆ.)


ಫೆಬ್ರವರಿ 27

ಗುಬ್ಬಿ,

ನೀವು ತಾವು ಎಲ್ಲ ಬೇಡ. ನನ್ನ ತೋಳಿಗೆ ಹಲ್ಲು ಹಾಕಿದವಳು ಬಹುವಚನ ಬಳಸಿದರೆ ನಗು ಬರುತ್ತದೆ. ಗುರುತು ಈಗಲೂ ಇದೆ.

ನಾನು ಬರುವುದಿಲ್ಲ.

ನಿನ್ನ ಕಾಗದವನ್ನು ನಮ್ಮನೆಯವರಿಗೆ ಓದಿ ಹೇಳಿದೆ. "ಬೀಳೋಕೆ ಅಷ್ಟು ದೂರ ಯಾಕೆ, ಮನೇಲೇ ಮೆಟ್ಟಿಲಿದೆಯಲ್ಲ" ಎಂದರು. ಅವರ ಮಾತಿನಲ್ಲಿ ಸಾಮಾನ್ಯವಾಗಿ ಹುರುಳಿರುವುದಿಲ್ಲ, ಈ ಸಲ ಇದೆ. ನನಗೆ ಅರವತ್ತು ದಾಟಿತು. ಶಾಲೆಯೊಂದರ ವೇದಿಕೆಗೆ ದೊಡ್ಡ ಪರದೆ ಒಪ್ಪಿಕೊಂಡಿದ್ದೇನೆ. ಕೆಂಪು ಮಖಮಲ್ಲು, ಕೆಳಗಿನ ಅಂಚಿನೊಳಗೆ ಸೀಸದ ತುಂಡು ಕೂರಿಸಬೇಕು, ಇಲ್ಲದಿದ್ದರೆ ಗಾಳಿಗೆ ಹಾರುತ್ತದೆ. ಮೇಜಿನ ಮೇಲೆ ಹರಡಿದರೆ ಕೋಣೆಯಲ್ಲಿ ನಿಲ್ಲಲು ನನಗೇ ಜಾಗವಿಲ್ಲ.

ಸೂಜಿ ಹೇಗಿರುತ್ತದೆ ಎಂದು ಕೇಳಿದ್ದೆಯಲ್ಲ. ಸಣ್ಣದಾಗಿರುತ್ತದೆ.

ಪುಸ್ತಕದ ಪುಟದ ತಲೆಯಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ, ಎಲ್ಲರೂ ಫೋಟೋ ನೋಡುತ್ತಾರೆ. ಒಳ್ಳೆಯ ಫೋಟೋ ಕೊಡು. ನೀಲಿ ಬಟ್ಟೆಯದು, ಕೂದಲು ಕಟ್ಟಿರುವುದು.

ಗಡಾರಿ
(ಈ ರಿಂಗಿನ ಹೆಸರು ಬರೆದು ಎಷ್ಟೋ ವರ್ಷವಾಗಿತ್ತು.)


ಮಾರ್ಚ್ 19

ಅಕ್ಕ,

ಸರಿ, ಏಕವಚನವೇ ಆಗಲಿ. ಬೈಯಲು ಅದೇ ಅನುಕೂಲ.

ಚರಿತ್ರೆ ಹುಡುಕಿ ತೆಗೆದದ್ದನ್ನು ಕೇಳು. ಮೊದಲನೆಯ ಚಾಂಪಿಯನ್ ಸರ್ಕಸ್ಸಿನಲ್ಲಿ ಕುದುರೆಮರಿ ಎತ್ತುತ್ತಿದ್ದವಳು. ಸಮುದ್ರದಾಚೆ ಹದಿನಾರು ದೇಶದ ಹೆಂಗಸರನ್ನು ಸೋಲಿಸಿ ಪಟ್ಟ ತಂದಳೆಂದು ಕಂಪನಿ ಹೇಳಿಕೊಂಡು ಬಂದಿದೆ. ಅಂಥ ಪಂದ್ಯಾವಳಿ ನಡೆದೇ ಇಲ್ಲ. ಅವಳಿಗೆ ದೋಣಿ ಹತ್ತಿದರೂ ವಾಂತಿಯಾಗುತ್ತಿತ್ತಂತೆ. ಮೂರನೆಯವಳ ಕಾಲದಲ್ಲಿ ಕಂಪನಿ ಒಡೆದು ಎರಡಾಯಿತು, ಜಗತ್ತಿಗೆ ಇಬ್ಬರು ವಿಶ್ವ ಚಾಂಪಿಯನ್ನರಾದರು. ಒಂದೇ ರಸ್ತೆಯ ಎರಡು ಸಭಾಂಗಣಗಳಲ್ಲಿ ಒಂದೇ ಸಂಜೆ ಇಬ್ಬರೂ ಜಗತ್ತನ್ನು ಗೆದ್ದದ್ದುಂಟು. ಐದನೆಯವಳು ಬೆಲ್ಟನ್ನು ಬಸ್ಸಿನಲ್ಲಿ ಮರೆತು ಬಂದು, ತಗಡಿನಲ್ಲಿ ಇನ್ನೊಂದು ಮಾಡಿಸಿದಳು. ನಿನ್ನ ಸೊಂಟಕ್ಕೂ ನನ್ನ ಸೊಂಟಕ್ಕೂ ಬಂದದ್ದು ಆ ತಗಡೇ. ಏಳನೆಯವಳು ಮಾತು ಬಿಟ್ಟಿದ್ದ ಸ್ವಂತ ನಾದಿನಿಗೆ ಸೋತಳು. ಮನೆಯಲ್ಲಿ ಮುಖ ನೋಡದವಳ ಕೆಳಗೆ ರಿಂಗಿನಲ್ಲಿ ಮಲಗಿದಳು, ಮಾರನೆಯ ದಿನ ಮತ್ತೆ ಮುಖ ನೋಡಲಿಲ್ಲ. ವಿಶ್ವ ಎಂದರೆ ನಮ್ಮ ವ್ಯಾನಿನ ಪೆಟ್ರೋಲು ಮುಗಿಯುವವರೆಗೆ ಎಂದು ನೀನು ನಗುತ್ತಿದ್ದೆ. ಅಷ್ಟೇ ಇರಲಿ. ಆ ಅಷ್ಟರಲ್ಲೂ ಇವರೆಲ್ಲರಿಗೂ ಒಬ್ಬೊಬ್ಬರು ಸೋತಿದ್ದಾರೆ. ಮೊದಲನೆಯವಳದು ಪೂರ್ತಿ ಸುಳ್ಳು, ಆದರೂ ಅವಳ ಸಾಲಿನಲ್ಲಿ ಸೋಲಿಸಿ ಎಂದಿದೆ. ನನ್ನದು ನಿಜ, ಹಾಗಾಗಿಯೇ ಅದರಲ್ಲಿ ಆ ಮಾತಿಲ್ಲ.

ಆ ಸಂಜೆ ಏನಾಯಿತೆಂದು ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. ರಿಂಗಿನಲ್ಲಿ ನಾನೊಬ್ಬಳೇ ನಿಂತಿದ್ದೆ. ಇಪ್ಪತ್ತನಾಲ್ಕು ವರ್ಷ, ನೀಲಿ ಬಟ್ಟೆ. ನಿನ್ನ ಹೆಸರು ಕೂಗಿದರು, ಸಂಗೀತ ಹಾಕಿದರು, ಬಾಗಿಲು ತೆರೆಯಲಿಲ್ಲ. ಸಂಗೀತ ಮುಗಿದು ಮತ್ತೆ ಮೊದಲಿನಿಂದ ಹಾಕಿದರು. ಆಮೇಲೆ ಮ್ಯಾನೇಜರ್ ಬೆಲ್ಟನ್ನು ಮಡಿಸಿದ ಟವೆಲಿನಂತೆ ಕಂಕುಳಲ್ಲಿಟ್ಟುಕೊಂಡು ಬಂದು ನನ್ನ ಸೊಂಟಕ್ಕೆ ಕಟ್ಟಿದ. ಜನ ಕಾಗದದ ಲೋಟ ಎಸೆದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಂಟನೆಯವಳು, "ಕುರ್ಚಿ ಖಾಲಿ ಇತ್ತು, ಕೂತ್ಕೊಂಡ್ಲು ಪಾಪ" ಎಂದಳು. ಅಲ್ಲಿಂದ ನನ್ನ ಹೆಸರು "ಘೋಷಣೆ". ಎರಡು ವರ್ಷ ಪಟ್ಟ ಇಟ್ಟುಕೊಂಡೆ, ಎಷ್ಟೋ ಊರಲ್ಲಿ ಗೆದ್ದೆ, ಆ ಹೆಸರು ಹೋಗಲಿಲ್ಲ. ಈಗಿನ ಹುಡುಗಿಯರಿಗೂ ಗೊತ್ತು. ನಾನು ಸಿಟ್ಟಾದಾಗ ಹಿಂದಿನಿಂದ ಪಿಸುಗುಡುತ್ತಾರೆ.

ಸಾಲನ್ನು ಯಾರೂ ಓದುವುದಿಲ್ಲ ಎಂದೆಯಲ್ಲ, ನಾನು ಓದುತ್ತೇನೆ.

ಇಷ್ಟು ವರ್ಷ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ನನ್ನ ಕೆಳಗೆ ಮಲಗುವುದು ನಿನಗೆ ಅಷ್ಟು ಅವಮಾನವಾಗಿ ಕಂಡಿತಾ?

ಗುಬ್ಬಿ


ಏಪ್ರಿಲ್ 8

ರೆಫರಿ ಮಾಮನಿಗೆ,

ವಿಳಾಸ ಕೊಟ್ಟು ನಿಶ್ಚಿಂತೆಯಾಗಿ ಕೂತಿದ್ದೀರಿ. ಈಗ ಅದರ ಫಲವನ್ನು ಓದಿ. ಗುಬ್ಬಿಯ ಎರಡು ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ, ಓದಿ ವಾಪಸು ಕಳಿಸಿ.

ಆ ದಿನದ ಸಂಗತಿ ನಿಮಗೂ ನಮ್ಮನೆಯವರಿಗೂ ಬಿಟ್ಟರೆ ಗೊತ್ತಿರುವುದು ಆ ಡಾಕ್ಟರಿಗೆ. ಅವರು ಈಗ ಇಲ್ಲ. ಪಟ್ಟದ ಪಂದ್ಯಕ್ಕೆ ಮೊದಲು ಇನ್ನೊಂದು ಊರಿನಲ್ಲಿ ಮಾಮೂಲಿ ಆಟ ಇತ್ತು. ಗುಬ್ಬಿ ಮೇಲಿನ ಹಗ್ಗದಿಂದ ಹಾರಿ ನನ್ನ ಮೇಲೆ ಬೀಳಬೇಕು, ಭಾರವನ್ನೆಲ್ಲ ತನ್ನ ಮೊಣಕೈ ಮೊಣಕಾಲಿನ ಮೇಲೆ ಹಿಡಿಯಬೇಕು. ಆ ಸಲ ಮೊಣಕಾಲು ನನ್ನ ಕುತ್ತಿಗೆಗೆ ಬಂತು. ಅವಳಿಗೆ ಗೊತ್ತಾಗಲೇ ಇಲ್ಲ. ನಾನು ಎದ್ದು ಆಟ ಮುಗಿಸಿದೆ, ನೀವು ನನ್ನ ಕಣ್ಣು ನೋಡಿ ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಕುತ್ತಿಗೆಯ ಮೂಳೆ ಸೀಳಿದೆ, ಇನ್ನೊಂದು ಸಲ ಬಿದ್ದರೆ ಕೈಕಾಲು ಹೋಗುತ್ತದೆ ಎಂದರು ಡಾಕ್ಟರು. ನಾನು ಮ್ಯಾನೇಜರನಿಗೆ "ಬರಲ್ಲ" ಎಂದಷ್ಟೇ ಹೇಳಿಕಳಿಸಿದೆ.

ಗಾಯ ಎಂದಿದ್ದರೆ ಯಾರ ಕೈಯಲ್ಲಿ ಎಂಬ ಪ್ರಶ್ನೆ ಬರುತ್ತಿತ್ತು. ನಮ್ಮ ಕೆಲಸದಲ್ಲಿ ಎದುರಿನವಳ ಮೈ ನಮ್ಮ ಕೈಯಲ್ಲಿ ಕೊಟ್ಟಿಟ್ಟ ವಸ್ತು. "ಕೈ ಕೆಟ್ಟವಳು" ಎಂಬ ಹೆಸರು ಬಂದ ಹುಡುಗಿಯ ಜೊತೆ ಯಾರೂ ರಿಂಗಿಗೆ ಇಳಿಯುವುದಿಲ್ಲ. ಅವಳಿಗೆ ಪಟ್ಟವಿರಲಿ, ಆಟವೇ ಇರುತ್ತಿರಲಿಲ್ಲ. ಅವಳೊಬ್ಬಳಿಗೆ ಗುಟ್ಟಾಗಿ ಹೇಳಬಹುದಿತ್ತು ಎಂದು ಆಗ ನೀವು ಅಂದಿರಿ. ಹೇಳಿದ್ದರೆ ಹೆದರುತ್ತಿದ್ದಳು. ಹೆದರಿದವಳು ಮೇಲಿನ ಹಗ್ಗ ಹತ್ತಬಾರದು. ಹತ್ತಿದರೆ ಇನ್ನೊಬ್ಬಳ ಕುತ್ತಿಗೆ.

ಈಗ ಅವಳು ಅವಮಾನವಾ ಎಂದು ಕೇಳುತ್ತಿದ್ದಾಳೆ. ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ.

ನನ್ನ ಕುತ್ತಿಗೆ ಈಗ ತಿರುಗುವುದಿಲ್ಲ. ಗಿರಾಕಿ ಪಕ್ಕದಿಂದ ಕರೆದರೆ ಮೈಯನ್ನೇ ತಿರುಗಿಸುತ್ತೇನೆ. ಅವರು ಅದನ್ನು ಗತ್ತು ಎಂದುಕೊಳ್ಳುತ್ತಾರೆ, ಚೌಕಾಸಿ ಕಡಿಮೆಯಾಗುತ್ತದೆ. ಮೂರು ಎಣಿಕೆ ಮಲಗಲು ಇಂಥ ಕುತ್ತಿಗೆಗೆ ಆಗುತ್ತದಾ? ನಿಜ ಹೇಳಿ. ಮತ್ತೆ ಅವಳಿಗೆ ಏನೂ ಹೇಳುವುದಿಲ್ಲ ಎಂದು ಮಾತು ಕೊಡಿ.

ಗಡಾರಿ


ಏಪ್ರಿಲ್ 30

ಗಡಾರಿ ಮಗಳೇ,

ಕಾಗದಗಳನ್ನು ವಾಪಸು ಇಟ್ಟಿದ್ದೇನೆ. ತಡವಾದದ್ದಕ್ಕೆ ಕಾರಣ ನನ್ನ ಕನ್ನಡಕದ ಮೇಲೆ ನಾನೇ ಕೂತದ್ದು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ನಿಮ್ಮಿಬ್ಬರಿಗೂ ಮೀಸೆಯೇ ಇಲ್ಲ, ಮಣ್ಣಾಗದಿರಲಿ ಅಂತ ಇಷ್ಟು ವರ್ಷ ಏನನ್ನು ಕಾಪಾಡಿದಿರೋ ನನಗಂತೂ ತಿಳಿಯದು.

ಮಲಗಲು ಆಗುತ್ತದೆ, ಬೀಳಲು ಆಗುವುದಿಲ್ಲ. ಅವಳು ನಿನ್ನ ಸೊಂಟ ಹಿಡಿದು ಮೆಲ್ಲಗೆ ಕೂರಿಸಲಿ. ಕೂತಲ್ಲಿಂದ ನೀನೇ ಒಂದು ಕೈ ಊರಿ, ಮಗುವನ್ನು ಮಲಗಿಸುವ ಹಾಗೆ ನಿನ್ನನ್ನು ನೀನು ಮಲಗಿಸಿಕೋ. ಜನಕ್ಕೆ ಅದು ವಯಸ್ಸು ಅನ್ನಿಸುತ್ತದೆ. ನಾನೇ ಎಣಿಸುತ್ತೇನೆ. ಪಟ್ಟೆ ಪಟ್ಟೆಯ ರೆಫರಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದೆ. ಸೊಸೆ ನೋಡಿ, "ಮಾವ, ಎಂಬತ್ತಾಯ್ತು, ಈ ವೇಷದಲ್ಲಿ ಎಲ್ಲಿಗೆ ಸವಾರಿ?" ಅಂದಳು. "ವಿಶ್ವ ಚಾಂಪಿಯನ್‌ಶಿಪ್ಪಿಗಮ್ಮ" ಅಂದೆ. ಔಷಧಿ ತಗೊಂಡ್ರಾ ಅಂತ ಕೇಳಿದಳು.

ಮಾತು ಕೊಡುತ್ತೇನೆ, ಆದರೆ ಮನಸ್ಸಿಲ್ಲದೆ. ಆಗ ನೀನು ಮಾಡಿದ್ದು ಸರಿ. ಈಗ ಅವಳು ಹಗ್ಗ ಹತ್ತುವುದಿಲ್ಲವಲ್ಲ, ಹೇಳಿದರೆ ಏನು ಕೊಳ್ಳೆ ಹೋಗುತ್ತದೆ? ಈಗ ಅವಳು ಬೇರೆ ಹುಡುಗಿಯರನ್ನು ಹತ್ತಿಸುತ್ತಾಳೆ ಅಂತ ನೀನು ಹೇಳುತ್ತೀ, ಗೊತ್ತು. ನಿನ್ನ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಗೋಡೆಯಿಂದ ಸುಣ್ಣವಾದರೂ ಉದುರುತ್ತದೆ.

ಹೋಗು. ಅವಳಿಗೆ ಅದು ಬೇಕು.

ಮಾಮ


ಮೇ 21

ಗುಬ್ಬಿ,

ಬರುತ್ತೇನೆ. ನಿನ್ನ ಕೆಳಗೆ ಮಲಗುತ್ತೇನೆ.

ನನ್ನ ಷರತ್ತುಗಳು: ಮೇಲಿನ ಹಗ್ಗದಿಂದ ಹಾರುವುದು ಬೇಡ. ತಲೆಗೆ, ಕೂದಲಿಗೆ ಕೈ ಹಾಕುವುದು ಬೇಡ. ಎತ್ತುವುದು ಬೇಡ. ನೀನು ನನ್ನ ಸೊಂಟ ಹಿಡಿದು ಕೂರಿಸು, ಉಳಿದದ್ದು ನನಗೆ ಬಿಡು. ಸೊಂಟ ಹಳೆಯದಾಗಿದೆ, ಅಷ್ಟೇ ಕಾರಣ. ಎಣಿಸಲು ಮಾಮ ಬರುತ್ತಾರೆ.

ಜುಲೈ ಮೊದಲ ವಾರ ನಿಮ್ಮ ಊರಿನಲ್ಲಿ ಬಟ್ಟೆ ಕೊಳ್ಳುವ ಕೆಲಸವಿದೆ. ಆಗ ನಿನ್ನ ಟೈರ್ ಅಂಗಡಿಯ ಮೇಲಿನ ಮಹಡಿಗೆ ಬರುತ್ತೇನೆ, ಒಂದು ಸಲ ಅಭ್ಯಾಸ ಮಾಡೋಣ. ಬಾಗಿಲಲ್ಲಿ ನಿಂತು ಅಳುವುದು ಗಿಳುವುದು ಬೇಡ. ನಾನು ಸಂಜೆಯ ರೈಲು ಹಿಡಿಯಬೇಕು.

ನೀನು ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ. ಅವಮಾನವಾಗಿರಲಿಲ್ಲ. ಇದಕ್ಕಿಂತ ಹೆಚ್ಚು ಕೇಳಬೇಡ.

ಗಡಾರಿ


ಜುಲೈ 12

ರೆಫರಿ ಮಾಮನಿಗೆ,

ಅಕ್ಕ ಬಂದು ಹೋದಳು. ಅಳಲಿಲ್ಲ. ಅವಳು ಕೂಡ ಅಳಲಿಲ್ಲ, ಬಾಗಿಲಲ್ಲೇ ನಿಂತು "ಕಿಟಕಿಗೆ ಇಂಥ ಪರದೆ ಹಾಕಿದ್ದು ಯಾವ ಪುಣ್ಯಾತ್ಮ?" ಎಂದಳು. ಹುಡುಗಿಯರು ಸಾಲಾಗಿ ನಿಂತು ನೋಡಿದರು. ಅವರಿಗೆ ಅವಳು ಗೋಡೆಯ ಮೇಲಿನ ಫೋಟೋದಿಂದ ಇಳಿದು ಬಂದ ಹಾಗೆ.

ಅಭ್ಯಾಸ ಮಾಡಿದೆವು. ಸೊಂಟ ಹಿಡಿದೆ, ಕೂರಿಸಿದೆ, ಅವಳು ತಾನೇ ಮಲಗಿದಳು. ಸೊಂಟದಲ್ಲಿ ಏನೂ ತೊಂದರೆ ಇಲ್ಲ ಮಾಮ. ನಾನು ದಿನಾ ಮೈಗಳನ್ನು ಹಿಡಿಯುವವಳು, ನನ್ನ ಕೈಗೆ ಗೊತ್ತಾಗುತ್ತದೆ. ಸೊಂಟ ಎಳೆಯ ಹುಡುಗಿಯದರ ಹಾಗಿದೆ. ಮಲಗುವಾಗ ಅವಳು ಕಾಪಾಡಿದ್ದು ಬೇರೆಯದನ್ನು. ತಲೆಯನ್ನು ತುಂಬಿದ ಕೊಡದಂತೆ ಇಳಿಸಿದಳು.

ಅವಳು ಹೋದ ಮೇಲೆ ನಮ್ಮಲ್ಲಿ ಎಲ್ಲರಿಗಿಂತ ವಾಚಾಳಿ ಒಬ್ಬಳು, "ಮೇಡಂ, ಆ ಆಂಟಿ ಕತ್ತು ತಿರುಗಿಸಲ್ಲ ನೋಡಿದ್ರಾ? ಪೂರ್ತಿ ತಿರುಗ್ತಾರೆ, ಬಾಗಿಲು ತೆಗೆದ ಹಾಗೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮೇಲಿನ ಹಗ್ಗದ ಷರತ್ತು ನೆನಪಾಯಿತು, ತಲೆಗೆ ಕೈ ಹಾಕಬೇಡ ಎಂದದ್ದು ನೆನಪಾಯಿತು. ಅಂದಿನ ಪಾಠ ಅಲ್ಲಿಗೇ ನಿಲ್ಲಿಸಿದೆ. ಟೈರಿನವನು ಮೇಲೆ ಬಂದು ಯಾರಿಗೇನಾಯ್ತು ಎಂದು ಕೇಳಿದ.

ಪಟ್ಟದ ಪಂದ್ಯಕ್ಕೆ ಮೊದಲು ಆ ಸಣ್ಣ ಊರಿನಲ್ಲಿ ಅವಳ ಜೊತೆ ಕೊನೆಯದಾಗಿ ಆಡಿದ್ದೆ. ನಾನು ಹಾರಿದೆ. ಚೆನ್ನಾಗಿ ಹಾರಿದೆ ಎಂದುಕೊಂಡಿದ್ದೆ. ಆ ಸಂಜೆ ವ್ಯಾನಿನಲ್ಲಿ ಅವಳ ಜಾಗ ಖಾಲಿ ಇತ್ತು, ನಿಮ್ಮದೂ ಖಾಲಿ ಇತ್ತು. ಚಾಂಪಿಯನ್ ಅಲ್ಲವೇ, ದೊಡ್ಡ ಕಾರು ಕಳಿಸಿರುತ್ತಾರೆ ಎಂದುಕೊಂಡೆ.

ಮಾಮ, ಅಕ್ಕನ ಕುತ್ತಿಗೆಗೆ ಏನಾಯಿತು? ಯಾವಾಗ?

ಗುಬ್ಬಿ


ಜುಲೈ 24

ಗುಬ್ಬಿ ಮಗಳೇ,

ನಾನು ಒಬ್ಬರಿಗೆ ಮಾತು ಕೊಟ್ಟಿದ್ದೇನೆ, ಹಾಗಾಗಿ ಏನನ್ನೂ ಹೇಳುವುದಿಲ್ಲ. ಏನೂ ಆಗಿಲ್ಲ ಎಂದು ಸುಳ್ಳು ಹೇಳುತ್ತೇನೆಂದು ಮಾತ್ರ ಮಾತು ಕೊಟ್ಟಿಲ್ಲ. ಆದ್ದರಿಂದ ಅದನ್ನೂ ಹೇಳುವುದಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ತಿದ್ದುವಂಥದ್ದು ನನಗೇನೂ ಕಾಣಲಿಲ್ಲ.

ಈಗ ನೀನು ಅವಳ ಅಂಗಡಿಗೆ ಓಡಿ ಹೋಗಿ ಕಾಲು ಹಿಡಿಯುವ ಕೆಲಸ ಮಾಡಬೇಡ. ನಿನಗೆ ಗೊತ್ತಾಗಬಾರದು ಎಂದೇ ಅವಳು ಇಷ್ಟು ವರ್ಷ ಬೆನ್ನ ಮೇಲೆ ಬೈಗುಳ ಹೊತ್ತಿದ್ದಾಳೆ. ನಿನಗೆ ಗೊತ್ತು ಅಂತ ಅವಳಿಗೆ ಗೊತ್ತಾದರೆ ಹೊತ್ತದ್ದೆಲ್ಲ ದಂಡ. ರಿಂಗಿಗೆ ಇಳಿ, ಹೇಳಿದ್ದನ್ನು ಮಾಡು, ನಿನ್ನ ಸಾಲು ತಗೋ. ಕೊಡುವವಳ ಕೈ ತಡೆಯಬೇಡ.

ಮಂಡಿ ನೋಯುತ್ತಿದೆ. ನೆಲಕ್ಕೆ ಬಡಿದು ಎಣಿಸುವುದನ್ನು ಊಟದ ಮೇಜಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಸೊಸೆ ಪಕ್ಕದ ಮನೆಗೆ ಹೋಗಿ ಬರುತ್ತೇನೆ ಅಂತ ಹೋದವಳು ಇನ್ನೂ ಬಂದಿಲ್ಲ.

ಮಾಮ


ಸೆಪ್ಟೆಂಬರ್ 18

ಗುಬ್ಬಿ,

ನೀನು ಮಾತು ತಪ್ಪಿದೆ.

ಪಂದ್ಯ ಮುಗಿದ ಮೇಲೆ ಜನರ ಮಧ್ಯೆ ನನಗೆ ನಿನ್ನ ಕೈಗೆ ಸಿಗಲು ಇಷ್ಟವಿರಲಿಲ್ಲ, ಅದಕ್ಕೆ ಹಿಂದಿನ ಬಾಗಿಲಿನಿಂದ ಹೊರಟೆ. ರೈಲಿನಲ್ಲಿ ಯೋಚಿಸಿದೆ, ಅಂಗಡಿಯಲ್ಲಿ ಯೋಚಿಸಿದೆ. ಒಂದು ಪರದೆಯ ಮಡಿಕೆಗಳನ್ನು ತಪ್ಪಾಗಿ ಹಿಡಿದು ಎರಡು ಸಲ ಬಿಚ್ಚಿದೆ. ಈಗ ಬರೆಯುತ್ತಿದ್ದೇನೆ.

ನಡೆದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ಹೇಳು. ಗಂಟೆ ಹೊಡೆಯಿತು. ನಾವಿಬ್ಬರೂ ಕೈ ಕೈ ಹಿಡಿದು ಸುತ್ತಿದೆವು. ಜನ ಪ್ರೀತಿಯಿಂದಲೇ ನಗುತ್ತಿದ್ದರು, ಇಬ್ಬರು ಮುದುಕಿಯರು ಬಸ್ಸಿಗೆ ದಾರಿ ಕೇಳುವ ಹಾಗೆ ಕಂಡಿರಬೇಕು. ನೀನು ನನ್ನ ಸೊಂಟ ಹಿಡಿಯಬೇಕಾದ ಸಮಯ ಬಂತು. ನಾನು ಸಿದ್ಧಳಾಗಿದ್ದೆ. ನನ್ನ ಕೈ ನಿನ್ನ ಭುಜದ ಮೇಲಿತ್ತು, ಆಧಾರಕ್ಕೆಂದು ಇಟ್ಟದ್ದು. ಅದರಲ್ಲಿ ಏನೂ ಬಲವಿರಲಿಲ್ಲ. ನೀನು ಆ ಕೈಯ ಕೆಳಗೆ ಲಾರಿ ಗುದ್ದಿಸಿಕೊಂಡವಳಂತೆ ಬಿದ್ದೆ. ಬೆನ್ನು ಪೂರ್ತಿ ನೆಲಕ್ಕೆ, ಎರಡೂ ಭುಜ, ಕೈ ಅಗಲ. ನಿನ್ನ ಹುಡುಗಿಯರಿಗೆ ಕಲಿಸುವ ಬೀಳುವಿಕೆ ಅದು, ಸದ್ದು ಕಟ್ಟಡದ ಹೊರಗೂ ಕೇಳಿರಬೇಕು. ನನಗೆ ನಿನ್ನ ಪಕ್ಕ ಮಂಡಿಯೂರದೆ ಬೇರೆ ದಾರಿ ಇರಲಿಲ್ಲ. ನೀನು ನನ್ನ ಅಂಗೈ ಎಳೆದು ನಿನ್ನ ಎದೆಯ ಮೇಲೆ ಇಟ್ಟುಕೊಂಡೆ.

"ಏಳೇ, ಏನ್ ಮಾಡ್ತಿದೀಯ" ಎಂದೆ ನಾನು.

"ಮಲಗಿದೀನಿ" ಎಂದೆ ನೀನು.

"ಇದು ನಿನ್ ಸಾಲು ಕಣೇ. ಏಳು."

"ಏಳಲ್ಲ ಅಕ್ಕ. ನೀನ್ ಸುಮ್ನಿರು."

ಮಾಮ ಒಂದು ಎಂದರು. ಎರಡು ಎಂದರು. ಎರಡಾದ ಮೇಲೆ ನಿಂತು ನನ್ನ ಮುಖ ನೋಡಿದರು. ಅಷ್ಟು ಹೊತ್ತು ನಿಲ್ಲುವ ರೆಫರಿಯನ್ನು ನಮ್ಮ ಕಾಲದಲ್ಲಿ ಕೆಲಸದಿಂದ ತೆಗೆಯುತ್ತಿದ್ದರು. ನಾನು ಅಂಗೈ ಎತ್ತಿದ್ದರೆ ಸಾಕಿತ್ತು, ಎಣಿಕೆ ಮುರಿದು ನಿನ್ನ ಪಂದ್ಯ ಉಳಿಯುತ್ತಿತ್ತು. ನಿನ್ನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಸ್ವಲ್ಪ ಕೆಳಗೆ, ಕುತ್ತಿಗೆಯ ಮೇಲಿತ್ತು.

ನಾನು ಕೈ ಎತ್ತಲಿಲ್ಲ. ಯಾಕೆಂದು ಕೇಳಬೇಡ.

ಮಾಮ ಬಾಯಿ ಬಿಟ್ಟರೋ ಎಂದು ಮೊದಲು ಅವರ ಮೇಲೆ ಸಿಟ್ಟು ಬಂತು. ಅವರು ತಮ್ಮ ಸೊಸೆಯ ಮೇಲೆ ಆಣೆ ಇಟ್ಟು ಇಲ್ಲ ಎಂದರು, ಅದರಿಂದ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಇರಲಿ.

ನನಗೆ ತಿಳಿಯಬೇಕಾದದ್ದು ಒಂದೇ. ಆ ಚರಿತ್ರೆ ಹುಡುಗಿ ನಿನ್ನ ಪುಟದಲ್ಲಿ ಈಗ ಏನು ಬರೆಯುತ್ತಾಳೆ?

ಗಡಾರಿ


ಅಕ್ಟೋಬರ್ 5

ಅಕ್ಕ,

ಚರಿತ್ರೆ ಮಾರನೆಯ ಬೆಳಿಗ್ಗೆಯೇ ಬಂದಳು, ಕೂದಲು ಕೂಡ ಬಾಚಿರಲಿಲ್ಲ. "ಮೇಡಂ, ನೀವು ಗೆಲ್ತೀರಿ ಅಂತ ಬರೆದು ಅಚ್ಚಿಗೆ ಕೊಡೋದೊಂದೇ ಬಾಕಿ ಇತ್ತು. ಈಗ ಏನ್ ಬರೀಲಿ?" ಎಂದಳು. ಮ್ಯಾನೇಜರ್ ಅವಳ ಹಿಂದೆಯೇ ಬಂದು, "ಮೊದ್ಲೇ ಹೇಳಿದ್ರೆ ಟಿಕೆಟ್ ದರ ಏರಿಸ್ತಿದ್ದೆ" ಎಂದ. ಜನಕ್ಕೆ ಇಷ್ಟವಾಯಿತಂತೆ. ಮೊದಲು ನಗುತ್ತಿದ್ದವರು ಎರಡು ಎಂದಾಗ ಎದ್ದು ನಿಂತರಂತೆ. ನನಗೆ ಮಲಗಿದ್ದಲ್ಲಿಂದ ಅದು ಕಾಣಿಸಲಿಲ್ಲ.

ನನ್ನ ಸಾಲು ಮೊದಲು ಹೇಗಿತ್ತೋ ಹಾಗೇ ಇರಲಿ ಎಂದೆ. "ಗೈರುಹಾಜರಾದ ಕಾರಣ" ಎಂದೇ ಅಚ್ಚಾಗಿದೆ, ನಿನ್ನೆ ಕರಡು ತಂದು ತೋರಿಸಿದಳು. ನಿನ್ನ ಪುಟದ ಕೊನೆಗೆ ಒಂದು ವಾಕ್ಯ ಸೇರಿಸಿದ್ದಾಳೆ: ಒಂಬತ್ತನೆಯ ಚಾಂಪಿಯನ್ ತಮ್ಮ ಪಟ್ಟವನ್ನು ರಿಂಗಿನಲ್ಲಿ ಯಾರಿಗೂ ಬಿಟ್ಟುಕೊಡಲಿಲ್ಲ, ಕೊನೆಯ ಪಂದ್ಯದಲ್ಲಿ ಹತ್ತನೆಯವರನ್ನು ಸೋಲಿಸಿದರು. ಅದು ಸರಿಯೇ ಎಂದು ಕೇಳಿದಳು. ಹೌದು, ಬರೆ ಎಂದೆ. "ಘೋಷಣೆ" ಎಂದು ಹಿಂದಿನಿಂದ ಕರೆಯುವವರು ಕರೆಯಲಿ. ಮೊನ್ನೆ ಒಬ್ಬಳು ಪಿಸುಗುಟ್ಟಿದಾಗ ನನಗೆ ಮೊದಲಿನ ಹಾಗೆ ಮೈ ಉರಿಯಲಿಲ್ಲ, ತಿರುಗಿ "ಏನಮ್ಮಾ?" ಎಂದೆ. ಅವಳು ರಿಂಗಿನ ಹಗ್ಗ ಒರೆಸತೊಡಗಿದಳು.

ಇಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಮೇಲಿನ ಹಗ್ಗ ಹತ್ತಲು ಬಯಸುವ ಹುಡುಗಿ ಮೊದಲು ಕೆಳಗೆ ಮಲಗುವುದನ್ನು ಕಲಿಯಬೇಕು. ಬೇರೆಯವರು ತನ್ನ ಮೇಲೆ ಹಾರುವುದನ್ನು ಕಣ್ಣು ಮುಚ್ಚದೆ ನೋಡಬೇಕು. ಹಾರಿದವಳು ಎದ್ದ ತಕ್ಷಣ ಕುಣಿಯುವಂತಿಲ್ಲ. ಕೆಳಗಿದ್ದವಳ ಮುಖ ನೋಡಿ, "ಕತ್ತು ತಿರುಗಿಸು" ಎಂದು ಹೇಳಿ, ಅವಳು ಎರಡೂ ಕಡೆ ತಿರುಗಿಸಿದ ಮೇಲೆಯೇ ಜನರ ಕಡೆ ನೋಡಬೇಕು. ಇದು ಆಟಕ್ಕೆ ಚೆನ್ನಾಗಿ ಕಾಣುವುದಿಲ್ಲ ಎಂದು ಮ್ಯಾನೇಜರ್ ಗೊಣಗುತ್ತಾನೆ. ಗೊಣಗಲಿ.

ಅಕ್ಕ, ನೀನು ಕೇಳಬೇಡ ಎಂದದ್ದನ್ನು ಕೇಳುವುದಿಲ್ಲ. ಬೇರೆ ಒಂದು ಕೇಳುತ್ತೇನೆ, ಇಷ್ಟವಿದ್ದರೆ ಉತ್ತರಿಸು. ನೀನು ಯಾವ ಮಗ್ಗುಲಿಗೆ ಮಲಗುತ್ತೀ?

ಗುಬ್ಬಿ


ಅಕ್ಟೋಬರ್ 20

ಗುಬ್ಬಿ,

ಬಲ ಮಗ್ಗುಲಿಗೆ. ದಿಂಬು ತೆಳ್ಳಗಿರಬೇಕು. ಮೊದಲ ಒಂದೆರಡು ವರ್ಷ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಈಗ ಚೆನ್ನಾಗಿ ಬರುತ್ತದೆ, ನಮ್ಮನೆಯವರು ಗೊರಕೆಯ ದೂರು ಕೊಡುವಷ್ಟು.

ನಿನಗೆ ಬರುತ್ತಿಲ್ಲ ಎಂದು ನಿನ್ನ ಅಕ್ಷರ ಹೇಳುತ್ತದೆ. ಮಲಗು.

ಅಕ್ಕ